ಓಮ್ನಿಯಲ್ಲಿ ಮಲಗೋಕೆ ಜಾಗ ಆಯ್ತು, ಸಾಮಾನು ಎಲ್ಲಿ ಇಡೋದು?

ಪ್ರಶ್ನೆ, ಹುಬ್ಬಳ್ಳಿ: ಹಳೇ ಓಮ್ನಿ ಇದೆ. ಹಿಂದಿನ ಸೀಟು ತೆಗೆಸಿ ಮೂರು ಜನ ಮಲಗೋ ಹಾಗೆ ಮಾಡಿದ್ದೇನೆ. ಯಲ್ಲಾಪುರ ಮೇಲೆ ಗೋಕರ್ಣ, ಕಾರವಾರ ನಾಲ್ಕು ದಿನ ತಿರುಗಬೇಕು. ನೀರು, ಅಡುಗೆ ಸಾಮಾನು, ಬಟ್ಟೆ ಎಲ್ಲಿ ಇಡಲಿ? ಅನುಭವ ಇದ್ದವರು ಹೇಳಿ.

ಧಾರವಾಡ: ಬಡಿಗೇರಗೆ ಹೇಳೋ ಮುಂಚೆ ಇದನ್ನು ಓದಿ. ನಾನು ಸಾಮಾನಿಡೋ ಡ್ರಾಯರ್ ಪೆಟ್ಟಿಗೆ ಮಾಡಿಸೋಕೆ 18 ಎಂಎಂ ಪ್ಲೈವುಡ್ ಎರಡು ಹಾಳೆ ತಂದೆ, 5,200. ಮೂರು ದಿನದ ಕೂಲಿ 3,000. ಕೀಲು, ಚಿಲಕ 640. ಒಟ್ಟು 8,840 ರೂಪಾಯಿ. ಒಂದೊಂದು ಹಾಳೆ ಸುಮಾರು 30 ಕೆಜಿ ತೂಗುತ್ತದೆ, ಖಾಲಿ ಗಾಡಿಯೇ ಕೂತುಬಿಟ್ಟಿತು. ಅರಬೈಲ್ ಘಟ್ಟದ ತಿರುವಿನಲ್ಲಿ ಡ್ರಾಯರ್ ತಾನಾಗೇ ಜಾರಿ ಶೇಂಗಾ ಎಣ್ಣೆ ಬಾಟಲಿ ಬಿತ್ತು. ಗಾದಿಗೆ ಎಣ್ಣೆ ಇಳಿದದ್ದು ಎರಡು ಸಲ ಬಿಸಿಲಿಗೆ ಹಾಕಿದರೂ ಹೋಗಲಿಲ್ಲ. ಇಂಜಿನ್ ಇರೋದು ಮುಂದಿನ ಸೀಟಿನ ಕೆಳಗೆ. ಸೀಟು ಎತ್ತೋಕೆ ಹೋದರೆ ಪೆಟ್ಟಿಗೆ ಅಡ್ಡ. ಎಲ್ಲಾ ಕಿತ್ತು ತೆಳು ಪ್ಲೈನಲ್ಲಿ, ಮೇಲಿಂದ ಮುಚ್ಚಳ ತೆಗೆಯೋ ಹಾಗೆ ಮತ್ತೆ ಮಾಡಿಸಿದೆ.

ಗದಗ: ಪೆಟ್ಟಿಗೆ ಸಹವಾಸವೇ ಬೇಡ. ಮೇಲೆ ಕ್ಯಾರಿಯರ್ ಹಾಕಿಸಿ. ನನಗೆ 4,800 ಆಯ್ತು, ತಾಡಪತ್ರಿ 950, ಹಗ್ಗ 220. ಐದು ವರ್ಷದಿಂದ ಗಾದಿ, ಬಟ್ಟೆ, ಎರಡು ನೀರಿನ ಕ್ಯಾನ್ ಎಲ್ಲಾ ಮೇಲೇ.

ಧಾರವಾಡ: 20 ಲೀಟರಿನ ಎರಡು ಕ್ಯಾನ್ ಅಂದರೆ 40 ಕೆಜಿ. ಅದನ್ನು ಮೇಲಿಟ್ಟು ಘಟ್ಟ ಇಳಿಯಿರಿ ಅಂತ ಹೆಂಡತಿ ಮಕ್ಕಳು ಇರೋರಿಗೆ ಹೇಳ್ತೀರಲ್ಲ! ಭಾರದ್ದು ಕೆಳಗೇ ಇರಬೇಕು, ನೆಲಕ್ಕೆ ತಾಗಿ, ಗಾಡಿಯ ನಡುವೆ.

ಗದಗ: ನಿಧಾನ ಓಡಿಸಿದರೆ ಏನೂ ಆಗಲ್ಲರೀ. ನಿಮ್ಮ ಹಾಗೆ ಎರಡೆರಡು ಸಲ ಬಡಿಗೇರಗೆ ದುಡ್ಡು ಸುರಿದಿಲ್ಲ ನಾನು. ಮೊದಲು ಹುಬ್ಬಳ್ಳಿಯವರು ಸೀಟು ತೆಗೆದದ್ದು ಆರ್‌ಸಿಯಲ್ಲಿ ಬರೆಸಿದ್ದಾರಾ ಕೇಳಿ. ಮೋಟಾರು ವಾಹನ ಕಾಯ್ದೆಯಲ್ಲಿ ಗಾಡಿಯ ಮಾರ್ಪಾಡಿನ 52ನೇ ಕಲಂ ಇರೋದು ಅದಕ್ಕೇ.

ಹಾವೇರಿ: ನಮ್ಮಲ್ಲಿ ಪೆಟ್ಟಿಗೆಯೂ ಇಲ್ಲ, ಕ್ಯಾರಿಯರೂ ಇಲ್ಲ. ಬಟ್ಟೆಯೆಲ್ಲ ದಿಂಬಿನ ಕವರಿಗೆ ತುಂಬುತ್ತೇವೆ, ರಾತ್ರಿ ಅದೇ ದಿಂಬು. ಅವ್ವನ ಹಳೇ ಇಳಕಲ್ ಸೀರೆಯನ್ನು ಒಳಗೆ ಮೇಲ್ಗಡೆ ಆ ಕಡೆಯಿಂದ ಈ ಕಡೆಗೆ ಜೋಲಿ ಕಟ್ಟಿದ್ದೇವೆ. ಟವೆಲ್, ಬ್ರೆಡ್, ಟಾರ್ಚ್, ಹಗುರದ್ದೆಲ್ಲ ಅದರಲ್ಲಿ. ಖರ್ಚು ಸೊನ್ನೆ. ನಾನು ಸೋತದ್ದು ಕಡಕ್ ರೊಟ್ಟಿಯಲ್ಲಿ. 60 ರೊಟ್ಟಿ ಬಟ್ಟೆಯಲ್ಲಿ ಕಟ್ಟಿ ಹಿಂಬಾಗಿಲ ಹತ್ತಿರ ಇಟ್ಟಿದ್ದೆ. ಕೆಳಗಿನವು ಕುಲುಕಿ ಪುಡಿಯಾದವು. ಮೇಲಿನವು ಕಾರವಾರದ ಹವಕ್ಕೆ ಎರಡನೇ ದಿನ ಚರ್ಮದ ಹಾಗೆ ಬಗ್ಗುತ್ತಿದ್ದವು. ಈಗ ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿ, ಸುತ್ತ ಕೌದಿ.

ಗದಗ: ಡಬ್ಬಿಯಲ್ಲಿ ರೊಟ್ಟಿ ಮುಗ್ಗಲು ಹಿಡಿಯುತ್ತದೆ. ಬಟ್ಟೆಯೇ ಸರಿ. ನಮ್ಮ ಮನೆಯಲ್ಲಿ ಮೂರು ತಲೆಮಾರಿನಿಂದ ಹಾಗೇ.

ಹಾವೇರಿ: ಅದು ಗದಗಿನ ಒಣ ಹವೆಗೆ ಸರಿ ಅಣ್ಣಾ. ಪೂರ್ತಿ ಆರಿದ ಮೇಲೆ ಡಬ್ಬಿಗೆ ಹಾಕಿದರೆ ಮುಗ್ಗಲು ಯಾಕೆ ಬರುತ್ತದೆ? ಬಿಸಿ ಇದ್ದಾಗಲೇ ಮುಚ್ಚಿರಬೇಕು ನೀವು.

ಗದಗ: ರೊಟ್ಟಿ ಆರಿಸೋದು ನಮಗೆ ಕಲಿಸಬೇಡಿ.