ಚಿಕಿತ್ಸೆ ಹಕ್ಕೋ, ದುಡ್ಡಿದ್ದವರ ಸವಲತ್ತೋ?

ಪ್ರಶ್ನೆ: ಹೊಳಲ್ಕೆರೆ ಕಡೆಯ ಬಿಪಿಎಲ್ ಕುಟುಂಬ ದಾವಣಗೆರೆಯ ಖಾಸಗಿ ಆಸ್ಪತ್ರೆಗೆ ಹೋದರೆ ಮೊದಲು ಮುಂಗಡ ಕಟ್ಟಲೇಬೇಕಾ? ಕಾನೂನು ಏನನ್ನುತ್ತೆ?

ಉತ್ತರ 1: ತುರ್ತು ಚಿಕಿತ್ಸೆ ಮಟ್ಟಿಗೆ ಹಕ್ಕೇ ಸರ್. ಸರ್ಕಾರಿ ಆಸ್ಪತ್ರೆ ಸಕಾಲಕ್ಕೆ ಚಿಕಿತ್ಸೆ ಕೊಡದಿದ್ದರೆ ಸಂವಿಧಾನದ 21ನೇ ವಿಧಿಯ, ಅಂದರೆ ಬದುಕುವ ಹಕ್ಕಿನ ಉಲ್ಲಂಘನೆ ಅಂತ 1996ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಖಾಸಗಿ ಆಸ್ಪತ್ರೆಗಳಿಗೆ ಅನ್ವಯಿಸುವ ನಮ್ಮ ರಾಜ್ಯದ ಕೆಪಿಎಂಇ ಕಾಯ್ದೆ ಪ್ರಕಾರ ತುರ್ತಿನಲ್ಲಿ ಖಾಸಗಿಯವರೂ ಮುಂಗಡಕ್ಕೆ ಪಟ್ಟು ಹಿಡಿಯುವಂತಿಲ್ಲ. ಉಳಿದ ಚಿಕಿತ್ಸೆಗೆ ಆಸರೆ ಜನರ ಆರೋಗ್ಯ ಸುಧಾರಿಸೋದು ಸರ್ಕಾರದ ಕರ್ತವ್ಯ ಅನ್ನುವ ಸಂವಿಧಾನದ 47ನೇ ವಿಧಿ. ಅದು ಬರೀ ನಿರ್ದೇಶಕ ತತ್ವ, ಅಂದರೆ ಸರ್ಕಾರಕ್ಕೆ ಕೊಟ್ಟ ಮಾರ್ಗದರ್ಶನ, ಅದನ್ನು ಹಿಡಿದು ಕೋರ್ಟಿಗೆ ಹೋಗಲಾಗದು. ನನಗೆ ಇದು ಅನ್ಯಾಯ ಅನ್ನಿಸುತ್ತೆ.

ಉತ್ತರ 2: ತುರ್ತಲ್ಲದಿದ್ದರೆ ಸರ್ಕಾರದ ಆರೋಗ್ಯ ಯೋಜನೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕವೇ ದಾರಿ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ವೆಚ್ಚ ಸಿಗುತ್ತೆ. ಎಪಿಎಲ್‌ಗೆ ಪ್ಯಾಕೇಜ್ ದರದ, ಅಂದರೆ ಆ ಚಿಕಿತ್ಸೆಗೆ ಯೋಜನೆ ಗೊತ್ತು ಮಾಡಿದ ದರದ, ಶೇ 30 ಮಾತ್ರ. ಜನ ಎಡವೋದು ರೆಫರಲ್‌ನಲ್ಲಿ, ಅಂದರೆ ಸರ್ಕಾರಿ ಆಸ್ಪತ್ರೆಯಿಂದ ಬರೆಸಿಕೊಂಡು ಬರೋ ಶಿಫಾರಸಿನಲ್ಲಿ. ನೇರ ಖಾಸಗಿಗೆ ಹೋಗಿ ದಾಖಲಾದ ಮೇಲೆ ಕಾರ್ಡ್ ತೋರಿಸಿದರೆ ಆಗಲ್ಲ. ಮೊದಲು ಚಿತ್ರದುರ್ಗ ಜಿಲ್ಲಾಸ್ಪತ್ರೆಯಲ್ಲೋ ದಾವಣಗೆರೆಯ ಸರ್ಕಾರಿ ಚಿಗಟೇರಿ ಆಸ್ಪತ್ರೆಯಲ್ಲೋ ತೋರಿಸಿ. ಆ ಚಿಕಿತ್ಸೆ ಅಲ್ಲಿ ಇಲ್ಲದಿದ್ದರೆ ಮಾತ್ರ ರೆಫರಲ್ ಪತ್ರ ಕೊಡ್ತಾರೆ. ಆಧಾರ್, ರೇಷನ್ ಕಾರ್ಡ್ ಎರಡೂ ಇರಲಿ. ಎರಡರಲ್ಲೂ ಹೆಸರು ಒಂದೇ ರೀತಿ ಇಲ್ಲದಿದ್ದರೆ ಈಗಲೇ ತಿದ್ದಿಸಿಡಿ.

ಉತ್ತರ 3: ಖಾಸಗಿ ಆಸ್ಪತ್ರೆ ಯೋಜನೆಯಡಿ ನೋಂದಾಯಿತವಾ, ಬೇಕಾದ ವಿಭಾಗಕ್ಕೇ ನೋಂದಣಿ ಇದೆಯಾ ಅಂತ ಅಲ್ಲಿ ಯೋಜನೆಯ ಬಗ್ಗೆ ನೆರವಾಗೋ ಸಿಬ್ಬಂದಿ, ಅಂದರೆ ಆರೋಗ್ಯಮಿತ್ರರನ್ನು ಕೇಳಿ. ಹೊರರೋಗಿಯಾಗಿ ಬರೆಸಿಕೊಂಡ ಮಾತ್ರೆ ಖರ್ಚು ಇದರಲ್ಲಿ ಬರಲ್ಲ. ಬಿಪಿ, ಶುಗರ್ ಇರೋ ಬಡವರಿಗೆ ತಿಂಗಳು ತಿಂಗಳೂ ಬೀಳೋ ಹೊರೆ ಅದೇ.