ಇಂಟರ್ನ್‌ಶಿಪ್ ಮಾಡೋಕೆ ನಾವೇ ದುಡ್ಡು ಕಟ್ಟಬೇಕಾ?

ರಾಣೇಬೆನ್ನೂರು_ಮೆಕ್:

ಎಲ್ಲರಿಗೂ ನಮಸ್ಕಾರ. ವಿಟಿಯು ಕಾಲೇಜೊಂದರಲ್ಲಿ ಬಿಇ ಮೆಕ್ಯಾನಿಕಲ್, ಏಳನೇ ಸೆಮ್. ನಮ್ಮದು 2022ರ ಸ್ಕೀಮ್ (ಪಠ್ಯಕ್ರಮ). ಎಂಟನೇ ಸೆಮ್‌ನಲ್ಲಿ 14ರಿಂದ 20 ವಾರ ಇಂಟರ್ನ್‌ಶಿಪ್ ಮಾಡಲೇಬೇಕು, ಅದಕ್ಕೇ 10 ಕ್ರೆಡಿಟ್ ಇದೆ. ಕ್ಲಾಸಿನ ಅರ್ಧ ಜನ ಬೆಂಗಳೂರಿನ ಒಂದು ಕಂಪನಿಗೆ 12,000 ಕಟ್ಟಿ ನಿಶ್ಚಿಂತೆಯಾಗಿದ್ದಾರೆ. ನಾನೂ ಹೋದರೆ ಪಿಜಿಗೆ ತಿಂಗಳಿಗೆ 7,500, ನಾಲ್ಕು ತಿಂಗಳಿಗೆ 30,000. ಒಟ್ಟು 42,000. ಓಡಾಟದ ಖರ್ಚು ಬೇರೆ.

ಅಪ್ಪ ಗೋವಿನಜೋಳ ಬೆಳೆಯುತ್ತಾರೆ. ಕೇಳಿದರೆ ಇಲ್ಲ ಅನ್ನುವುದಿಲ್ಲ, ತೊಂದರೆ ಇರೋದೇ ಅಲ್ಲಿ. ರೈತರ ಮಕ್ಕಳಿಗೆ ಸಿಗುವ ರೈತ ವಿದ್ಯಾನಿಧಿ ಸ್ಕಾಲರ್‌ಶಿಪ್‌ನ 10,000 ಖಾತೆಯಲ್ಲಿದೆ, ಮುಟ್ಟಿಲ್ಲ. ಅದನ್ನೇ ಕಟ್ಟಿಬಿಡಲಾ ಅಂತ ಯೋಚನೆ. ಹೇಗೂ ಸರ್ಟಿಫಿಕೇಟ್ ಕೊಡ್ತಾರಲ್ವಾ? ಹದಿನೇಳು ಕಡೆ ಈಮೇಲ್ ಹಾಕಿದೆ. ಒಂದೇ ಉತ್ತರ ಬಂತು. ಅದೂ ಫೀಸಿನ ಪಟ್ಟಿ.

ಉಸುಕು_ಕಬ್ಬಿಣ:

ತಮ್ಮಾ, ಕಟ್ಟಬೇಡ. ನಾನು ಬೆಳಗಾವಿ ಉದ್ಯಮಬಾಗದಲ್ಲಿ ಒಂದು ಫೌಂಡ್ರಿಯಲ್ಲಿ, ಅಂದರೆ ಲೋಹ ಕರಗಿಸಿ ಎರಕ ಹೊಯ್ಯುವ ಕಾರ್ಖಾನೆಯಲ್ಲಿ, ಕ್ವಾಲಿಟಿ ನೋಡಿಕೊಳ್ಳುತ್ತೇನೆ. ಓದುವಾಗ ನಾನೂ ಹೀಗೇ 6,000 ಕಟ್ಟಿದ್ದೆ. ಪ್ರೊಜೆಕ್ಟರ್‌ನಲ್ಲಿ ಕ್ಯಾಡ್ (ಕಂಪ್ಯೂಟರ್ ಡ್ರಾಯಿಂಗ್) ತೋರಿಸಿದರು, ಆರನೇ ದಿನಕ್ಕೆ ಮೇಷ್ಟ್ರು ಬರುವುದನ್ನೇ ಬಿಟ್ಟರು. ಸರ್ಟಿಫಿಕೇಟ್ ಮಾತ್ರ ದಪ್ಪ ಹಾಳೆಯಲ್ಲಿ, ಬಂಗಾರದ ಬಣ್ಣದ ಸೀಲ್ ಒತ್ತಿ ಕೊಟ್ಟರು. ಮುಂದೆ ಇಂಟರ್ವ್ಯೂನಲ್ಲಿ ಒಬ್ಬರು ಅದನ್ನು ನೋಡಿ, "ಅಲ್ಲಿ ನಿನ್ನ ಕೈಯಾರೆ ಏನು ಅಳೆದೆ?" ಅಂತ ಕೇಳಿದರು. ಅಳೆಯುವ ವರ್ನಿಯರ್ ಕೂಡ ಹಿಡಿದೇ ಇರಲಿಲ್ಲ, ಏನು ಹೇಳಲಿ?

ಈಮೇಲ್ ಬಗ್ಗೆ ಒಂದು ಮಾತು. ಇಲ್ಲಿನ ಸಣ್ಣ ಕಾರ್ಖಾನೆಗಳ ಇನ್‌ಬಾಕ್ಸ್ ತುಂಬಾ ಆರ್ಡರ್, ಡ್ರಾಯಿಂಗ್, ಬಾಕಿ ಬಿಲ್ಲು. ನಿನ್ನ ರೆಸ್ಯೂಮೆ ಯಾರೂ ತೆಗೆದಿರಲ್ಲ. ಖುದ್ದಾಗಿ ಹೋಗಬೇಕು. ಪ್ರಿನ್ಸಿಪಾಲರ ಸಹಿ ಇರುವ ಪರ್ಮಿಷನ್ ಲೆಟರ್ ಐದಾರು ಪ್ರತಿ ಇಟ್ಟುಕೋ. ಗೇಟಿನಲ್ಲಿ "ಎಚ್‌ಆರ್ ಇದ್ದಾರಾ" ಅನ್ನಬೇಡ, ಅರ್ಧ ಕಡೆ ಎಚ್‌ಆರೇ ಇಲ್ಲ. ಪ್ರೊಡಕ್ಷನ್ ಅಥವಾ ಕ್ವಾಲಿಟಿ ನೋಡುವವರನ್ನು ಕೇಳು. ತಿಂಗಳ ಕೊನೆಯ ವಾರ ಹೋಗಬೇಡ. ಡಿಸ್ಪ್ಯಾಚ್ ಗಡಿಬಿಡಿಯಲ್ಲಿ ದೇವರು ಬಂದರೂ ಕೂರಿಸಲ್ಲ.

"ಏನಾದರೂ ಕಲಿಸಿ ಸರ್" ಅಂದರೆ ಅವರಿಗೆ ನೀನೊಂದು ಹೊರೆ. ಬದಲಿಗೆ, "ರಿಜೆಕ್ಷನ್ ರಿಜಿಸ್ಟರ್ ಕೊಡಿ, ಯಾವ ಪಾರ್ಟ್ ಯಾಕೆ ಹೋಗ್ತಿದೆ ಅಂತ ಎಕ್ಸೆಲ್‌ನಲ್ಲಿ ಹಾಕಿ ಕೊಡ್ತೀನಿ" ಅನ್ನು. ನಮ್ಮಲ್ಲಿ ಹೋದ ವರ್ಷ ಬಂದ ಹುಡುಗ ಇದನ್ನೇ ಮಾಡಿದ. ಒಂದು ಹೌಸಿಂಗ್‌ನಲ್ಲಿ (ಹೊರಕವಚದ ಪಾರ್ಟ್) ಬ್ಲೋಹೋಲ್, ಅಂದರೆ ಗಾಳಿತೂತು, ಬೀಳುತ್ತಿತ್ತು. ನಾವು ಮೆಟಲ್ ಮೇಲೆ ಅನುಮಾನ ಪಟ್ಟು ಕೂತಿದ್ದೆವು. ಅವನು ಆರು ವಾರದ ರಿಜಿಸ್ಟರ್ ಹರಡಿಕೊಂಡು, ಜಾಸ್ತಿ ಹೋಗುತ್ತಿರುವುದು ಬೆಳಗಿನ ಮೊದಲ ಮೋಲ್ಡುಗಳಲ್ಲಿ (ಉಸುಕಿನ ಅಚ್ಚು) ಅಂತ ತೋರಿಸಿದ. ಉಸುಕಿನಲ್ಲಿ ತೇವ ಜಾಸ್ತಿಯಾಗುತ್ತಿತ್ತು. ಬಿಸಿ ಲೋಹ ಬಿದ್ದೊಡನೆ ಆ ನೀರು ಆವಿಯಾಗುತ್ತದೆ, ಹೊರಗೆ ಹೋಗಲು ದಾರಿಯಿಲ್ಲದೆ ಒಳಗೇ ತೂತಾಗಿ ಉಳಿಯುತ್ತದೆ. ಪುಸ್ತಕದಲ್ಲಿ ಎಲ್ಲರೂ ಓದಿದ್ದೇ. ಆದರೆ ರಿಜಿಸ್ಟರ್ ತಿರುವಿ ಹಾಕಲು ನಮಗ್ಯಾರಿಗೂ ಪುರುಸೊತ್ತಿರಲಿಲ್ಲ.

ಮೊದಲ ತಿಂಗಳು ಅವನಿಗೆ ಕ್ಯಾಂಟೀನ್ ಊಟ ಬಿಟ್ಟರೆ ಏನೂ ಕೊಡಲಿಲ್ಲ. ಇದಾದ ಮೇಲೆ ಮಾಲೀಕರು ತಿಂಗಳಿಗೆ 4,000 ಮಾಡಿದರು. ಇಬ್ಬರು ಸೇರಿ ರೂಮು ಹಿಡಿದಿದ್ದರು, ಒಬ್ಬೊಬ್ಬರಿಗೆ 1,800 ಬಾಡಿಗೆ.

ಬಸ್_ಪಾಸ್_ಬೇಡ:

ಅಣ್ಣಾ, ನೀವು ಹೇಳಿದಷ್ಟು ಸಲೀಸಲ್ಲ. ನಾನೂ ಮೆಕ್ಯಾನಿಕಲ್, ಹೋದ ಬ್ಯಾಚು. ಮೂರು ಗೇಟು ತಟ್ಟಿದೆ. ಒಂದು ಕಡೆ "ಲೇಡೀಸ್ ಟಾಯ್ಲೆಟ್ ಇಲ್ಲಮ್ಮ" ಅಂತ ವಾಚ್‌ಮನ್ ಕೈಯಲ್ಲೇ ಹೇಳಿ ಕಳಿಸಿದರು. ಮನೆಗೆ ಬಂದು ಅತ್ತುಬಿಟ್ಟೆ, ಸುಳ್ಳು ಯಾಕೆ.

ಆಮೇಲೆ ನಮ್ಮ ಎಚ್‌ಒಡಿ ಮೇಡಂ ಸ್ಕೀಮ್‌ನ ಹಾಳೆ ತೆಗೆದು ತೋರಿಸಿದರು. ಇಂಡಸ್ಟ್ರಿಯೇ ಆಗಬೇಕೆಂದಿಲ್ಲ, ರಿಸರ್ಚ್ ಇಂಟರ್ನ್‌ಶಿಪ್ ಕೂಡ ನಡೆಯುತ್ತದೆ, ಅದನ್ನು ನಮ್ಮದೇ ಕಾಲೇಜಿನ ಸೆಂಟರ್‌ನಲ್ಲೂ ಮಾಡಬಹುದು. ನಾನು ಸೆಣಬಿನ ನಾರಿನ ಕಾಂಪೋಸಿಟ್ (ನಾರನ್ನು ರೆಸಿನ್ ಅಂಟಿನಲ್ಲಿ ಸೇರಿಸಿ ಮಾಡುವ ವಸ್ತು) ಮೇಲೆ ಕೆಲಸ ಮಾಡಿದೆ. ಮನೆಯಿಂದಲೇ ಓಡಾಡಿದೆ. ಶಕ್ತಿ ಯೋಜನೆ ಇರೋದರಿಂದ ಬಸ್ಸಿಗೆ ಸೊನ್ನೆ. ಸ್ಟೈಪೆಂಡೂ ಸೊನ್ನೆ ಅನ್ನಿ. ಸ್ಯಾಂಪಲ್ ಮಾಡಲು ರೆಸಿನ್‌ಗೆ 2,300 ಖರ್ಚಾಯಿತು, ಅಷ್ಟೇ.

ಫಾರ್ವರ್ಡ್_ಮಾಮ:

ಇಷ್ಟೆಲ್ಲ ಯಾಕೆ? ಪಿಎಂ ಇಂಟರ್ನ್‌ಶಿಪ್ ಸ್ಕೀಮ್‌ಗೆ ಹಾಕು. ತಿಂಗಳಿಗೆ ದುಡ್ಡೂ ಬರುತ್ತದೆ.

ಬಸ್_ಪಾಸ್_ಬೇಡ:

ಮಾಮ, ನಿಯಮ ಓದಿ. 2024ರಲ್ಲಿ ಅದು ಶುರುವಾದಾಗಲೇ ಫುಲ್‌ಟೈಮ್ ಓದುತ್ತಿರುವವರಿಗೆ ಇಲ್ಲ ಅಂತ ಬರೆದಿದ್ದಾರೆ. ಮೇಲಾಗಿ ಆಗ ಅದು 12 ತಿಂಗಳದ್ದಾಗಿತ್ತು. ಡಿಗ್ರಿ ಮುಗಿದ ಮೇಲಾದರೆ ನ್ಯಾಟ್ಸ್ ಅಪ್ರೆಂಟಿಸ್ (ಕೇಂದ್ರ ಸರ್ಕಾರದ ತರಬೇತಿ ಯೋಜನೆ) ಇದೆ. 2019ರಲ್ಲಿ ಪದವೀಧರರಿಗೆ ಕನಿಷ್ಠ 9,000 ಸ್ಟೈಪೆಂಡ್ ಅಂತ ಮಾಡಿದರು. ನಾನು ಈಗ ಅದಕ್ಕೇ ಹಾಕಿದ್ದೇನೆ.

ಉಸುಕು_ಕಬ್ಬಿಣ:

ತಂಗೀ, ಟಾಯ್ಲೆಟ್ ವಿಷಯ ಓದಿ ನಾಚಿಕೆಯಾಯಿತು. ನಮ್ಮಲ್ಲೂ ಆಫೀಸಿನ ಪಕ್ಕ ಒಂದಿದೆ, ಶಾಪ್‌ಫ್ಲೋರ್ ಕಡೆ ಇಲ್ಲ. ನಾನು ಅದನ್ನು ಯೋಚಿಸಿಯೇ ಇರಲಿಲ್ಲ.

ರಾಣೇಬೆನ್ನೂರು_ಮೆಕ್:

ಅಕ್ಕಾ, ನಮ್ಮ ಕಾಲೇಜಿನಲ್ಲಿ ರಿಸರ್ಚ್ ಸೆಂಟರ್ ಇದೆ, ಆದರೆ ಯಾವಾಗಲೂ ಬೀಗ. ನಾಳೆ ಕೇಳಿ ನೋಡುತ್ತೇನೆ. ಅಣ್ಣಾ, ನಿಮಗೆ ಖಾಸಗಿ ಮೆಸೇಜ್ ಹಾಕಿದ್ದೇನೆ. ಗುರುವಾರ ಬೆಳಗಿನ ಬಸ್ಸಿಗೆ ಬರಲಾ? ಅಪ್ಪನಿಗೆ 12,000ದ ವಿಷಯ ಹೇಳಲೇ ಇಲ್ಲ. ಬಸ್ ಚಾರ್ಜ್ ಮಾತ್ರ ಕೇಳಿದೆ. ಸೇಫ್ಟಿ ಶೂ ನಾನೇ ತರಬೇಕಾ?

ಉಸುಕು_ಕಬ್ಬಿಣ:

ಬಾ. ಹನ್ನೊಂದರ ಒಳಗೆ ಬಾ, ಆಮೇಲೆ ಫರ್ನೇಸ್ ಕಡೆ ಇರುತ್ತೇನೆ. ಶೂ ಸ್ಟೋರ್‌ನಲ್ಲಿ ಎಂಟು, ಒಂಬತ್ತು ನಂಬರ್ ಇವೆ. ನಿನ್ನ ಕಾಲು ಎಷ್ಟು?