ತುರ್ತು: ‘ಆಡಿಯೋ ಸ್ಟೋರಿ’ಗೆ ಫಲಕದ ಮೇಲೆ ಬರೆಯುವಂಥ ಪದ ಬೇಕು

ಕೊಪ್ಪಳದ ಅನುವಾದಕಿ:

ಬಳಗಕ್ಕೆ ನಮಸ್ಕಾರ. ನಾಳೆ ಸಂಜೆಯೊಳಗೆ ಒಂದು ಪದ ಬೇಕಾಗಿದೆ.

ನಮ್ಮ ತಾಲ್ಲೂಕಿನ ಒಂದು ಹಳ್ಳಿಯ ಗ್ರಂಥಾಲಯದಲ್ಲಿ ಹೈಸ್ಕೂಲು, ಪಿಯುಸಿ ಓದುವವರಿಗಾಗಿ ಒಂದು ಮೂಲೆ ಸಿದ್ಧವಾಗುತ್ತಿದೆ. ಅಲ್ಲಿ ಹೆಡ್‌ಫೋನ್ ಹಾಕಿಕೊಂಡು ಕುಳಿತರೆ ಈ ಭಾಗದ ಕಲೆಗಳ ಕಥೆಗಳನ್ನು ಕೇಳಬಹುದು. ಕಿನ್ನಾಳದ ಗೊಂಬೆ, ತೊಗಲುಗೊಂಬೆಯಾಟ, ಬುರ್ರಕಥೆ, ಬಯಲಾಟ, ಇಷ್ಟು ಸದ್ಯಕ್ಕೆ ಧ್ವನಿಮುದ್ರಣವಾಗಿವೆ. ಯೋಜನೆಯ ಕಾಗದಗಳೆಲ್ಲ ಇಂಗ್ಲಿಷಿನಲ್ಲಿವೆ, ಪುಟಪುಟದಲ್ಲೂ ‘ಆಡಿಯೋ ಸ್ಟೋರಿ’. ಗೋಡೆಗೆ ಕನ್ನಡ ಬೇಕು. ಫಲಕ ನಾಲ್ಕಡಿ ಅಗಲ. ಪೇಂಟರ್ ಬಣ್ಣ ಕಲಸಿಟ್ಟುಕೊಂಡು ಫೋನ್ ಮಾಡುತ್ತಿದ್ದಾರೆ.

ನನಗೆ ಹೊಳೆದವು: ಧ್ವನಿಕಥೆ, ಶ್ರವ್ಯಕಥೆ, ಕೇಳುಗತೆ.

ಸಂದರ್ಭ ತಿಳಿಯಲೆಂದು ಕಿನ್ನಾಳದ ಕಥೆಯ ಒಂದು ತುಣುಕು ಹೇಳುತ್ತೇನೆ. ಬಣ್ಣದ ಗೊಂಬೆಯನ್ನು ಕಿವಿಗೆ ತೋರಿಸುವುದು ಹೇಗೆ ಎಂದು ಬಹಳ ತಲೆ ಕೆಡಿಸಿಕೊಂಡೆವು. ಕೊನೆಗೆ ಬಣ್ಣವನ್ನು ಪಕ್ಕಕ್ಕಿಟ್ಟು ಕಿಟ್ಟದಿಂದ, ಅಂದರೆ ಗೊಂಬೆಗೆ ಬಳಸುವ ಅಂಟಿನ ಮುದ್ದೆಯಿಂದ, ಶುರು ಮಾಡಿದೆವು. ನೆನೆಸಿ ಒಣಗಿಸಿದ ಸೆಣಬಿನ ಚಿಂದಿಯನ್ನು ಕುಟ್ಟುವ ಸದ್ದು, ಆ ಪುಡಿಗೆ ಕಟ್ಟಿಗೆಯ ಹೊಟ್ಟನ್ನೂ ಹುಣಸೆ ಬೀಜದ ಅಂಟನ್ನೂ ಹಾಕಿ ಕಲಸುವಾಗಿನ ಪಿಚಪಿಚ, ನಡುವೆ ಮೊಮ್ಮಗಳು “ತಾತಾ, ಇದು ನಾರುತ್ತದೆ” ಎನ್ನುವುದು, ತಾತ ನಗುವುದು. ಗೊಂಬೆ ಕಣ್ಣಿಗೆ ಬೀಳುವುದು ಕಥೆ ಮುಗಿದ ಮೇಲೆ, ಕಪಾಟಿನಲ್ಲಿ. ಇಂಥದ್ದನ್ನು ಏನೆಂದು ಕರೆಯೋಣ?

ಬಳ್ಳಾರಿಯ ನಿವೃತ್ತ ಉಪನ್ಯಾಸಕರು:

ಧ್ವನಿಕಥೆ ಬೇಡವೇ ಬೇಡ. ಸಂಸ್ಕೃತ ಕಾವ್ಯಮೀಮಾಂಸಕ ಆನಂದವರ್ಧನನಿಂದೀಚೆಗೆ ಸಾಹಿತ್ಯದ ಮಾತಿನಲ್ಲಿ ಧ್ವನಿ ಎಂದರೆ ಸೂಚ್ಯಾರ್ಥ. ಧ್ವನಿಕಥೆ ಎಂದರೆ ಒಳಾರ್ಥವುಳ್ಳ ಕಥೆ ಎಂದಾಗುತ್ತದೆ. ಧ್ವನಿವರ್ಧಕ, ಧ್ವನಿಸುರುಳಿ ಇಲ್ಲವೇ ಎಂದು ಯಾರಾದರೂ ಕೇಳುತ್ತಾರೆ. ಅಲ್ಲಿ ಉತ್ತರಪದ ಯಂತ್ರದ್ದು, ಗೊಂದಲಕ್ಕೆ ಎಡೆಯಿಲ್ಲ.

ಶ್ರವ್ಯಕಥೆ ಸರಿ. ಕಾವ್ಯವನ್ನು ದೃಶ್ಯ, ಶ್ರವ್ಯ ಎಂದು ವಿಭಾಗಿಸಿದ ಪರಂಪರೆ ನಮ್ಮದು. ಆದರೆ ದಯವಿಟ್ಟು ‘ಶ್ರಾವ್ಯ’ ಎಂದು ಬರೆಸಬೇಡಿ. ಸುಶ್ರಾವ್ಯವಾಗಿದೆಯೋ ಇಲ್ಲವೋ ಎಂದು ಕೇಳಿದವರು ಹೇಳಲಿ.

‘ಕೇಳುಕಥೆ’ ಎಂದು ಮಹಾಪ್ರಾಣ ಇಟ್ಟು ಬರೆದರೆ ಅರಿಸಮಾಸ, ಕನ್ನಡ ಪದಕ್ಕೆ ಸಂಸ್ಕೃತ ಪದ ಬೆಸೆದ ದೋಷ. ವ್ಯಾಕರಣಕಾರ ಕೇಶಿರಾಜನಿಗೆ ಬೇಕಾದರೆ ನೀವೇ ಉತ್ತರ ಕೊಡಿ.

ರಾಯಚೂರಿನಿಂದ, ‘ಅಚ್ಚಗನ್ನಡ’:

ಒಂದು ಹಳ್ಳಿಯ ಮೂಲೆಗೆ ಆನಂದವರ್ಧನನನ್ನೂ ಕೇಶಿರಾಜನನ್ನೂ ಒಟ್ಟಿಗೆ ಕರೆತಂದ ಗುರುಗಳಿಗೆ ಶರಣು. ಎಂಟನೆಯ ತರಗತಿಯ ಹುಡುಗಿ ‘ಶ್ರವ್ಯ’ವನ್ನು ಓದಿ ಮುಗಿಸುವಷ್ಟರಲ್ಲಿ ಕಥೆಯೇ ಮುಗಿದಿರುತ್ತದೆ.

ಕವಿರಾಜಮಾರ್ಗಕಾರ ಕನ್ನಡದ ತಿರುಳು ಎಲ್ಲಿದೆ ಎಂದು ಹೇಳುವಾಗ ಎಣಿಸಿದ ನಾಲ್ಕು ಊರುಗಳಲ್ಲಿ ನಿಮ್ಮ ಕೊಪ್ಪಳವೂ ಒಂದು. ಆ ನೆಲದಲ್ಲಿ ನಿಂತು ಸಂಸ್ಕೃತದ ಕದ ತಟ್ಟುವುದೇಕೆ? ರೇಡಿಯೋಗೆ ಬಾನುಲಿ ಎಂಬ ಮಾತು ಅಚ್ಚಿನಲ್ಲಿ ಬೇರೂರಿದೆ. ಅದೇ ಉಲಿಯನ್ನು ತೆಗೆದುಕೊಳ್ಳಿ: ಉಲಿಗತೆ. ಮೂರೂವರೆ ಅಡಿಯಲ್ಲಿ ಬರೆದು ಮುಗಿಸಬಹುದು.

ಸಿಂಧನೂರಿನ ಒಬ್ಬ ಶಿಕ್ಷಕ:

ಆಡಿಯೋ ಕಥೆ. ಎಲ್ಲರಿಗೂ ಅರ್ಥವಾಗುತ್ತದೆ. ಮುಗಿಯಿತು.

ಉಲಿಗತೆ ಎಂದು ಬರೆಸಿದರೆ ‘ಹ’ಕಾರ ನುಂಗುವ ಮಕ್ಕಳು ಹುಲಿಯ ಕಥೆ ಕೇಳಲು ಬಂದು ಕೂರುತ್ತಾರೆ. ಒಂದು ಹುಲಿಯ ಕಥೆಯನ್ನೂ ಮುದ್ರಿಸಿಟ್ಟುಕೊಳ್ಳಿ, ಅಕ್ಕನವರೇ.

ಗಂಗಾವತಿಯಿಂದ, ಹೊಸ ಸದಸ್ಯ:

ಆಲಿಸು ಎಂಬ ಒಳ್ಳೆಯ ಕ್ರಿಯಾಪದವಿದೆಯಲ್ಲ, ‘ಆಲಿಕತೆ’ ಆಗಬಹುದೇ?

ಬಳ್ಳಾರಿಯ ನಿವೃತ್ತ ಉಪನ್ಯಾಸಕರು:

ಆಲಿ ಎಂದರೆ ಕಣ್ಣಗುಡ್ಡೆ. ಇನ್ನೊಂದು ಅರ್ಥ ಬೇಕೆಂದರೆ ಆಲಿಕಲ್ಲು ನೆನೆಯಿರಿ. ಕಿವಿಗೂ ಅದಕ್ಕೂ ಸಂಬಂಧವಿಲ್ಲ. ಮುಂದೆ.

ಬಳ್ಳಾರಿಯಿಂದ, ರಂಗಭೂಮಿಯ ಒಬ್ಬರು:

ಪದಕ್ಕಿಂತ ಮೊದಲು ಒಂದು ಮಾತು. ನೀವು ಆರಿಸಿಕೊಂಡ ಕಲೆಗಳಲ್ಲಿ ಹೆಚ್ಚಿನವು ಹುಟ್ಟುವಾಗಲೇ ಕಿವಿಗೆ ಹುಟ್ಟಿದಂಥವು. ಬುರ್ರಕಥೆಯ ದರೋಜಿ ಈರಮ್ಮನವರು ಓದು ಬರಹ ಕಲಿತವರಲ್ಲ. ಕುಮಾರರಾಮನ ಕಥೆಯಂಥ ದೊಡ್ಡ ದೊಡ್ಡ ಕಾವ್ಯಗಳನ್ನು ನೆನಪಿನಲ್ಲಿಟ್ಟುಕೊಂಡು ಹಾಡುತ್ತಿದ್ದರು. 2014ರಲ್ಲಿ ತೀರಿಕೊಂಡರು. ಅವರ ಕಾವ್ಯ ಅಚ್ಚಾಗಿ ಕಪಾಟು ಸೇರಿದೆ, ಸಂತೋಷ. ಆದರೆ ಆ ಪುಟಗಳನ್ನು ಓದಿದ ಹುಡುಗನಿಗೆ ಬುರ್ರಕಥೆ ಗೊತ್ತಾಯಿತು ಎನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ. ಕಥೆ ಹೇಳುತ್ತಾ ಹೇಳುತ್ತಾ ತಟ್ಟನೆ ಹಾಡಿಗೆ ಹೊರಳುವುದು, ಹಿಮ್ಮೇಳದವರು ಸಾಲಿನ ಕೊನೆಯನ್ನು ಹಿಡಿದು ಮೇಲಕ್ಕೆತ್ತುವುದು, ಇವು ಅಚ್ಚಿಗೆ ಸಿಗುವುದಿಲ್ಲ. ಹೆಡ್‌ಫೋನಿಗೆ ಸಿಗುತ್ತವೆ.

ತೊಗಲುಗೊಂಬೆಯ ವಿಷಯ ತುಸು ಬೇರೆ. ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂತು. ಊರು ನಿಮ್ಮ ಜಿಲ್ಲೆಯದೇ. ನಮ್ಮ ಬೆಳಗಲ್ಲು ವೀರಣ್ಣನವರು ಗಾಂಧೀಜಿಯನ್ನೂ ಸ್ವಾತಂತ್ರ್ಯ ಹೋರಾಟವನ್ನೂ ತೊಗಲಿನ ಮೇಲೆ ತಂದು ಆಡಿಸಿದವರು. ಈ ಕಲೆಯಲ್ಲಿ ಬಣ್ಣ ಹಾಯ್ದ ನೆರಳನ್ನು ಕಣ್ಣಿನಿಂದಲೇ ನೋಡಬೇಕು, ಅದಕ್ಕೆ ಬದಲಿಯಿಲ್ಲ. ಆದರೆ ಪರದೆಯ ಹಿಂದೆ ಕೂತವರು ಗೊಂಬೆ ಬದಲಾದ ಹಾಗೆ ದನಿ ಬದಲಿಸುತ್ತಾರಲ್ಲ, ಆ ವಿದ್ಯೆಯನ್ನು ಪರದೆಯ ಮುಂದೆ ಕೂತು ನೋಡುವಾಗ ನಾವು ಗಮನಿಸುವುದೇ ಇಲ್ಲ. ಕಣ್ಣು ಕಟ್ಟಿದರೆ ಅದು ಕೇಳಿಸುತ್ತದೆ. ನಿಮ್ಮ ಎರಡನೆಯ ಕಥೆ ಅದನ್ನು ಹಿಡಿದಿದ್ದರೆ ಕೆಲಸ ಸಾರ್ಥಕ. ಪುರಾಣದ ಸಾರಾಂಶವನ್ನು ಹಿನ್ನೆಲೆ ಸಂಗೀತ ಹಾಕಿ ಓದಿಸಿದ್ದರೆ ಏನು ಹೆಸರಿಟ್ಟರೂ ಒಂದೇ.

ಇನ್ನೊಂದು ಕೊರತೆ ಇದೆ. ನಮ್ಮಲ್ಲಿ ಕಥೆ ಕೇಳುವವರು ಹೂಂಗುಟ್ಟಬೇಕು. ಹೂಂಗುಟ್ಟುವುದು ನಿಂತರೆ ಮಗು ಮಲಗಿತೆಂದು ಅಜ್ಜಿ ಕಥೆ ನಿಲ್ಲಿಸುತ್ತಾಳೆ. ಯಂತ್ರ ನಿಲ್ಲಿಸುವುದಿಲ್ಲ, ಹೇಳುತ್ತಲೇ ಹೋಗುತ್ತದೆ. ಒಬ್ಬೊಬ್ಬರಿಗೆ ಒಂದೊಂದು ಹೆಡ್‌ಫೋನ್ ಕೊಡುವ ಬದಲು ನಾಲ್ಕು ಜನಕ್ಕೆ ಒಂದು ಸ್ಪೀಕರ್ ಇಡಿ. ಪಕ್ಕದವರು ಹೂಂಗುಟ್ಟಿಯಾರು, ನಕ್ಕಾರು, ತಪ್ಪು ಹಿಡಿದಾರು.

ಹೆಸರು ಕೇಳಿದಿರಿ. ನಾಮಪದವೇ ಏಕೆ? ‘ಬನ್ನಿ, ಕಥೆ ಕೇಳಿ’ ಎಂದು ಬರೆಸಿ.

ರಾಯಚೂರಿನಿಂದ, ‘ಅಚ್ಚಗನ್ನಡ’:

ಗೋಡೆಗೆ ಅದು ಆದೀತು. ಪಟ್ಟಿಗೆ, ವರದಿಗೆ, ನಿಘಂಟಿಗೆ ನಾಮಪದ ಬೇಕೇ ಬೇಕು.

ಉಲಿ ಹಿಡಿಸದಿದ್ದರೆ ಕೇಳುಗತೆಗೆ ನನ್ನ ಒಪ್ಪಿಗೆ ಇದೆ. ಸುಡು ಕಾಡು ಸೇರಿ ಸುಡುಗಾಡು, ಹುರಿ ಕಡಲೆ ಸೇರಿ ಹುರಿಗಡಲೆ, ಕೇಳು ಕತೆ ಸೇರಿ ಕೇಳುಗತೆ. ಗಮಕ ಸಮಾಸವೂ ಸರಿ, ‘ಕ’ ‘ಗ’ ಆಗುವ ಆದೇಶ ಸಂಧಿಯೂ ಸರಿ.

ಬಳ್ಳಾರಿಯ ನಿವೃತ್ತ ಉಪನ್ಯಾಸಕರು:

ಮಕ್ಕಳ ಮೂಲೆಯ ಹೆಸರಿಗೆ ಸುಡುಗಾಡಿನ ಸಾಕ್ಷಿ! ಹೋಗಲಿ, ಕಟ್ಟುಕತೆಯಲ್ಲಿ ಏಕೆ ಆದೇಶವಾಗಲಿಲ್ಲ? ಕಟ್ಟುಗತೆ ಎಂದು ಯಾರ ಬಾಯಲ್ಲೂ ಕೇಳಿಲ್ಲ. ಮೇಲಾಗಿ ಕೇಳುಗತೆಯನ್ನು ಓದುವವನು ಕೇಳುಗ ಎಂಬಲ್ಲಿ ಮುರಿಯುತ್ತಾನೆ, ‘ತೆ’ ಏನೆಂದು ತಿಳಿಯದೆ ನಿಲ್ಲುತ್ತಾನೆ.

ರಾಯಚೂರಿನಿಂದ, ‘ಅಚ್ಚಗನ್ನಡ’:

ಹಾಗಾದರೆ ‘ಕೇಳುಕತೆ’ ಎಂದೇ ಇರಲಿ, ಕಟ್ಟುಕತೆಯ ಪಕ್ಕದಲ್ಲಿ. ಅರಿಸಮಾಸದ ಭೂತ ಬಿಡಿಸಿಕೊಳ್ಳಲು ಅಲ್ಪಪ್ರಾಣ ಸಾಕು. ಅಂದ ಹಾಗೆ, ‘ಬುರ್ರ’ ತೆಲುಗು, ‘ಕಥೆ’ ಸಂಸ್ಕೃತ. ಗುರುಗಳ ಲೆಕ್ಕದಲ್ಲಿ ಬುರ್ರಕಥೆಯೂ ಅರಿಸಮಾಸವೇ. ಈರಮ್ಮನವರು ಬದುಕಿದ್ದಾಗ ಯಾರೂ ಹೋಗಿ ತಿದ್ದಲಿಲ್ಲವಲ್ಲ.

ಬಳ್ಳಾರಿಯ ನಿವೃತ್ತ ಉಪನ್ಯಾಸಕರು:

ರೂಢಿ ಬೇರೆ, ಹೊಸ ಸೃಷ್ಟಿ ಬೇರೆ. ಅಷ್ಟು ವಿವೇಚನೆ ಇಲ್ಲದವರ ಜೊತೆ ವಾದ ಮಾಡುವುದಿಲ್ಲ.

ಆಕಾಶವಾಣಿಯನ್ನೇ ನೋಡಿ. ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ಮೈಸೂರಿನಲ್ಲಿ ಶುರು ಮಾಡಿದ ಬಾನುಲಿ ಕೇಂದ್ರಕ್ಕೆ ಆ ಹೆಸರು ಬಂತು, ಆಮೇಲೆ ಇಡೀ ದೇಶ ಅದನ್ನು ಎತ್ತಿಕೊಂಡಿತು. ಸಂಸ್ಕೃತವಲ್ಲವೇ? ನಾಲಿಗೆ ಹೊರಳಲಿಲ್ಲವೇ?

ಸಿಂಧನೂರಿನ ಒಬ್ಬ ಶಿಕ್ಷಕ:

ಹೊರಳಿದ್ದು ಏಕೆಂದರೆ ಅದು ಹೊಸದಾಗಿ ಕಟ್ಟಿದ ಪದವಲ್ಲ. ಪುರಾಣದಲ್ಲಿ ಕಂಸನಿಗೆ ಕೇಳಿಸಿದ್ದನ್ನು ಹಳ್ಳಿಯವರೆಲ್ಲ ಬಯಲಾಟದಲ್ಲಿ ಕೇಳಿಯೇ ಇದ್ದರು. ಗೊತ್ತಿದ್ದ ಪದಕ್ಕೆ ಹೊಸ ಕೆಲಸ ಕೊಟ್ಟರು. ‘ಶ್ರವ್ಯ’ ಯಾರ ಮನೆಯ ಪದ?

ಗುರುಗಳೇ, ನಿಮ್ಮ ಬಳ್ಳಾರಿ 1953ರವರೆಗೆ ಮದರಾಸಿನಲ್ಲಿತ್ತು, ನಮ್ಮ ರಾಯಚೂರು, ಕೊಪ್ಪಳ 1956ರವರೆಗೆ ಹೈದರಾಬಾದಿನಲ್ಲಿದ್ದವು. ನಿಮ್ಮ ಮಾತಿನೊಳಗೆ ತೆಲುಗು ಇದೆ, ನಮ್ಮದರೊಳಗೆ ಉರ್ದು. ಇಲ್ಲಿ ಕಾಯಿಲೆಯಾದರೆ ದವಾಖಾನೆಗೆ ಹೋಗುತ್ತೇವೆ, ಜಮೀನಿನ ಕೆಲಸಕ್ಕೆ ಅರ್ಜಿ ಹಾಕುತ್ತೇವೆ. ಅದರಿಂದ ಯಾರೂ ಕನ್ನಡ ಮರೆತಿಲ್ಲ. ಈರಮ್ಮನವರ ಸಮುದಾಯದವರು ಮನೆಯೊಳಗೆ ತೆಲುಗು ಆಡುತ್ತಾರೆ, ಕಥೆಯನ್ನು ಕನ್ನಡದಲ್ಲಿ ಹೇಳುತ್ತಾರೆ. ಅಂಥವರ ಕಲೆಯನ್ನು ಕಲಿಸುವ ಜಾಗದ ಬಾಗಿಲಲ್ಲಿ ಮಡಿ ಮಾಡಿಸಬೇಡಿ. ಆಡಿಯೋ ಎಂಬುದು ಮಕ್ಕಳ ಮೊಬೈಲಿನಲ್ಲಿ ಈಗಾಗಲೇ ಇರುವ ಕನ್ನಡ.

ರಾಯಚೂರಿನಿಂದ, ‘ಅಚ್ಚಗನ್ನಡ’:

ದವಾಖಾನೆ ಬಂದದ್ದು ನಾಲಿಗೆಯಿಂದ ನಾಲಿಗೆಗೆ, ನೆರೆಹೊರೆಯಿಂದ. ‘ಆಡಿಯೋ ಸ್ಟೋರಿ’ ಬಂದದ್ದು ಯೋಜನೆಯ ಕಾಗದದಿಂದ. ಎರಡನ್ನೂ ಒಂದೇ ಸಾಲ ಎನ್ನುವವರು ಮೇಷ್ಟ್ರಾಗಿರುವುದು ಮಕ್ಕಳ ದುರದೃಷ್ಟ.

ಬಳಗದ ನಿರ್ವಾಹಕ:

ವೈಯಕ್ತಿಕ ಮಾತು ಬೇಡ. ಎರವಲು ಪದಗಳ ಜಗಳಕ್ಕೆ ಬೇರೆ ವಿಷಯಸಾಲು ಹಾಕಿಕೊಳ್ಳಿ. ಹೋದ ವರ್ಷದ್ದು ಇನ್ನೂ ಮುಗಿದಿಲ್ಲ, ಅದರಲ್ಲೇ ಮುಂದುವರಿಸಬಹುದು.

ಕೊಪ್ಪಳದ ಅನುವಾದಕಿ:

ಎಲ್ಲರಿಗೂ ಧನ್ಯವಾದ. ಫಲಕಕ್ಕೆ ‘ಬನ್ನಿ, ಕಥೆ ಕೇಳಿ’ ಎಂದು ಪೇಂಟರಿಗೆ ಹೇಳಿಯಾಯಿತು, ಕೆಲಸ ನಡೆದಿದೆ. ಪಟ್ಟಿಯಲ್ಲಿ ‘ಕೇಳುಕತೆ’ ಎಂದು ಬಳಸುತ್ತೇನೆ, ಅಲ್ಪಪ್ರಾಣದಲ್ಲಿ. ಕಚೇರಿಗೆ ಹೋಗುವ ವರದಿಯಲ್ಲಿ ‘ಆಡಿಯೋ ಕಥೆ’ಯೇ ಇರುತ್ತದೆ, ಬಿಲ್ಲು ಪಾಸಾಗಬೇಕಲ್ಲ. ಸ್ಪೀಕರ್ ಸಲಹೆ ಬಹಳ ಹಿಡಿಸಿತು, ಗ್ರಂಥಾಲಯದಲ್ಲಿ ಓದುವವರು ಒಪ್ಪಿದರೆ ಸಂಜೆ ಒಂದು ಗಂಟೆ ಹಾಗೇ ಮಾಡುತ್ತೇವೆ. ತೊಗಲುಗೊಂಬೆಯ ಕಥೆಯಲ್ಲಿ ಪುರಾಣದ ಸಾರಾಂಶವೇ ಹೆಚ್ಚಾಗಿದೆ, ಪರದೆಯ ಹಿಂದಿನ ದನಿಗಳನ್ನು ಸೇರಿಸಿ ಮತ್ತೆ ಮುದ್ರಿಸಲು ಕೇಳಿದ್ದೇನೆ.

ಇನ್ನೊಂದೇ ಒಂದು ಸಂದೇಹ. ಕಪಾಟಿನ ಚೀಟಿಗೆ ‘ಕಿಟ್ಟ’ ಎಂದು ಬರೆದು ಕೆಳಗೆ ಅರ್ಥ ಕೊಡಬೇಕು. ಏನೆಂದು ಕೊಡಲಿ?

ಬಳ್ಳಾರಿಯ ನಿವೃತ್ತ ಉಪನ್ಯಾಸಕರು:

ಕಿಟ್ಟ ಸಂಸ್ಕೃತ. ಲೋಹದ ಕಸರು, ಮಡ್ಡಿ ಎಂದು ಅರ್ಥ. ಕಬ್ಬಿಣದ ಕಿಟ್ಟ ಎಂದು ಕನ್ನಡದಲ್ಲೂ ಬಳಕೆಯಿದೆ. ಅಂಟಿನ ಮುದ್ದೆಗೆ ಅರ್ಥ ವಿಸ್ತಾರವಾಗಿದೆ.

ರಾಯಚೂರಿನಿಂದ, ‘ಅಚ್ಚಗನ್ನಡ’:

ಹುಣಸೆ ಬೀಜದ ಅಂಟಿನಲ್ಲಿ ಲೋಹ ಎಲ್ಲಿಂದ ಬಂತು? ಅಕ್ಕನವರೇ, ಚೀಟಿ ಬರೆಯುವ ಮೊದಲು ಕಿನ್ನಾಳದ ಚಿತ್ರಗಾರರನ್ನೇ ಕೇಳಿ, ಅವರು ಹೇಳಿದ ಮಾತನ್ನೇ ಬರೆಯಿರಿ. ಗುರುಗಳ ವಿಸ್ತಾರಕ್ಕೆ ಚೀಟಿಯಲ್ಲಿ ಜಾಗ ಸಾಲದು.